ಹದಿನೈದು ದಾಟಿದ ಸ್ವಿಫ್ಟ್ ಡೀಸೆಲ್: ಬೆಂಗಳೂರು–ಮುಂಬೈ ಹೈವೇಯಲ್ಲಿ ಹೇಗಿದೆ?

ಗಾಡಿ 2010ರ ಮಾರುತಿ ಸ್ವಿಫ್ಟ್ ವಿಡಿಐ. ಮೊದಲಿನಿಂದಲೂ ನನ್ನ ಕೈಯಲ್ಲೇ ಇದೆ, ಒಂದೂಮುಕ್ಕಾಲು ಲಕ್ಷ ಕಿಲೋಮೀಟರ್ ಹತ್ತಿರ ಓಡಿದೆ. ಅಕ್ಕನ ಮನೆ ಮುಂಬೈ ಪಕ್ಕದ ಡೊಂಬಿವಲಿಯಲ್ಲಿ. ದೀಪಾವಳಿಗೋ ಬೇಸಿಗೆ ರಜೆಗೋ ಬೆಂಗಳೂರಿನಿಂದ ಅಲ್ಲಿಗೆ ಹೋಗಿಬರುವುದು ಇದರಲ್ಲೇ. ಸುಮಾರು ಸಾವಿರ ಕಿಲೋಮೀಟರ್ ದಾರಿ, ಪುಣೆವರೆಗೆ ರಾಷ್ಟ್ರೀಯ ಹೆದ್ದಾರಿ 48. ಫಿಟ್‌ನೆಸ್ ಮಾಡಿಸಿ ಆರ್‌ಸಿಯನ್ನು ಐದು ವರ್ಷ ಮುಂದಕ್ಕೆ ಹಾಕಿಸಿದಾಗಿನಿಂದ ಕೇಳುವವರು ಹೆಚ್ಚಾಗಿದ್ದಾರೆ: "ಇನ್ನೂ ಇದನ್ನೇ ತಗೊಂಡು ಹೋಗ್ತೀಯಾ?" ಹೋಗ್ತೀನಿ.

ಎಂಜಿನ್ ಬಗ್ಗೆ ಹೇಳುವುದು ಕಡಿಮೆ, ಯಾಕಂದರೆ ಅದು ತಂಟೆ ಮಾಡುವುದಿಲ್ಲ. ಫಿಯೆಟ್ ಮೂಲದ 1248 ಸಿಸಿ ಮಲ್ಟಿಜೆಟ್, 75 ಪಿಎಸ್ ಶಕ್ತಿ, 190 ಎನ್‌ಎಂ ಟಾರ್ಕ್. ವಾಲ್ವ್‌ಗಳನ್ನು ಹೊತ್ತಿಗೆ ಸರಿಯಾಗಿ ತೆರೆಸಲು ಇದರಲ್ಲಿ ಬೆಲ್ಟ್ ಅಲ್ಲ, ಟೈಮಿಂಗ್ ಚೈನ್ ಇರುವುದರಿಂದ ಇಂತಿಷ್ಟು ಕಿಲೋಮೀಟರಿಗೆ ಬಿಚ್ಚಿಸಬೇಕೆಂಬ ತಲೆನೋವಿಲ್ಲ. ಆಯಿಲ್ ಮಾತ್ರ ತಪ್ಪಿಸಬಾರದು. ಊರೊಳಗೆ ಓಡಿಸಿದವರಿಗೆ ಗೊತ್ತು, 2,000 ಆರ್‌ಪಿಎಂ ದಾಟುವವರೆಗೆ ಇದಕ್ಕೆ ನಿದ್ದೆ. ತುಮಕೂರು ದಾಟಿ ಐದನೇ ಗೇರಿಗೆ ಬಿದ್ದಮೇಲೆ ಆ ದೂರು ಇರುವುದಿಲ್ಲ. ತೊಂಬತ್ತರಲ್ಲಿ ಹೋಗುತ್ತಿದ್ದರೆ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಟರ್ಬೊ ಎದ್ದೇ ಕೂತಿರುತ್ತದೆ, ಲಾರಿ ದಾಟಲು ಗೇರ್ ಇಳಿಸಬೇಕಾಗಿಲ್ಲ. ಆ ವೇಗದಲ್ಲಿ ಎಸಿ ಹಾಕಿಕೊಂಡೂ ಲೀಟರಿಗೆ ಇಪ್ಪತ್ತರ ಆಸುಪಾಸು ಕೊಡುತ್ತದೆ. ನೂರಹತ್ತರ ಮೇಲೆ ಗದ್ದಲ ಜಾಸ್ತಿ, ಮೈಲೇಜ್ ಕಡಿಮೆ. ಚಿತ್ರದುರ್ಗದ ಗಾಳಿಯಂತ್ರಗಳು ಕಾಣುವ ಕಡೆ ಆಷಾಢದಲ್ಲಿ ಅಡ್ಡಗಾಳಿ ಹೊಡೆದರೆ ಸ್ಟೇರಿಂಗ್ ಎರಡೂ ಕೈಯಲ್ಲಿ ಹಿಡಿಯಬೇಕು.

ಹಳೇ ಗಾಡಿಯಲ್ಲಿ ಜನ ಹೆದರುವುದು ಎಂಜಿನ್ನಿಗೆ. ನನ್ನ ಅನುಭವದಲ್ಲಿ ಕೈ ಕೊಡುವುದು ರಬ್ಬರ್. ಹಾವೇರಿ ದಾಟಿ ಒಂದು ಖಾನಾವಳಿಯಲ್ಲಿ ರೊಟ್ಟಿ ತಿಂದು ಬಂದರೆ ಬಂಪರ್ ಕೆಳಗೆ ಅಂಗೈ ಅಗಲ ಒದ್ದೆ. ಎಸಿ ನೀರಿರಬೇಕು ಅಂದಳು ಹೆಂಡತಿ. ಬೆರಳಲ್ಲಿ ಮುಟ್ಟಿ ನೋಡಿದೆ: ತಿಳಿ ಹಸಿರು, ಸ್ವಲ್ಪ ಅಂಟು. ಎಸಿ ನೀರಿಗೆ ಬಣ್ಣವೂ ಇಲ್ಲ ಅಂಟೂ ಇಲ್ಲ, ಇದು ಎಂಜಿನ್ ತಣ್ಣಗಿಡುವ ಕೂಲಂಟ್. ಎಂಜಿನ್ ಆರಿದ ಮೇಲೆ ಪಕ್ಕದ ಗ್ಯಾರೇಜಿನವನು ಬಂದು ರೇಡಿಯೇಟರಿನ ಕೆಳಗಿನ ಪೈಪ್ ಹಿಸುಕಿದ. ಕ್ಲಿಪ್ ಕೂರುವ ಜಾಗದಲ್ಲಿ ಉಬ್ಬಿ, ಕೂದಲೆಳೆಯಷ್ಟು ಸೀಳು ಬಿಟ್ಟಿತ್ತು. "ಗಾಡಿ ಗಟ್ಟಿ ಐತ್ರಿ ಸರ, ಪೈಪ್ ಅಷ್ಟ ಮುದಿ ಆಗೈತಿ" ಅಂದ. ಹುಬ್ಬಳ್ಳಿಯಿಂದ ಪೈಪ್ ತರಿಸಿ ಹಾಕುವಷ್ಟರಲ್ಲಿ ಸಂಜೆಯಾಯಿತು. ಕಂಪನಿಯನ್ನು ಬೈಯುವ ಹಾಗಿಲ್ಲ, ಅಷ್ಟು ವರ್ಷ ಬಿಸಿಯಲ್ಲಿ ಬೆಂದ ರಬ್ಬರ್ ಇನ್ನೇನಾಗಬೇಕು!

ಆಮೇಲೆ ಎಲ್ಲ ರಬ್ಬರ್ ಪೈಪ್‌ಗಳನ್ನೂ (ಹೋಸ್) ಫ್ಯಾನ್ ಬೆಲ್ಟನ್ನೂ ಒಟ್ಟಿಗೇ ಬದಲಾಯಿಸಿದೆ. ಮುಂದಿನ ಸಸ್ಪೆನ್ಷನ್ನಿನ ರಬ್ಬರ್ ಬುಷ್ ಹೊಸದು ಹಾಕಿಸಿದ ಮೇಲಂತೂ ಬ್ರೇಕ್ ಒತ್ತಿದಾಗ ಎಡಕ್ಕೆ ಎಳೆಯುವುದು ನಿಂತಿತು. ಟೈರಿನ ಪಕ್ಕೆಯಲ್ಲಿ ನಾಲ್ಕು ಅಂಕಿ ಇರುತ್ತದಲ್ಲ, 2218 ಅಂದರೆ 2018ರ ಇಪ್ಪತ್ತೆರಡನೇ ವಾರ ತಯಾರಾದದ್ದು. ಹೆಚ್ಚು ಓಡದ ಗಾಡಿಯಲ್ಲಿ ಟೈರಿನ ಬಟನ್ (ನೆಲ ಹಿಡಿಯುವ ಉಬ್ಬು) ಪೂರ್ತಿ ಇದ್ದರೂ ರಬ್ಬರ್ ಬಿರುಕು ಬಿಟ್ಟಿರುತ್ತದೆ. ಸ್ಟೆಪ್ನಿಯ ಅಂಕಿಯನ್ನೂ ನೋಡಿ. ಅದನ್ನು ಯಾರೂ ನೋಡುವುದಿಲ್ಲ.

ಘಾಟ್ ವಿಷಯ ಕೇಳುವವರಿಗೆ: ಪುಣೆ ದಾಟಿ ಎಕ್ಸ್‌ಪ್ರೆಸ್‌ವೇಯಲ್ಲಿ ಖಂಡಾಲಾದಿಂದ ಖೋಪೋಲಿ ಕಡೆಗೆ ಇಳಿಯುವಾಗ ಮೂರನೇ ಗೇರಿನಲ್ಲಿ ಬಿಟ್ಟುಬಿಡಿ. ಅಲ್ಲಿ ಕಾರಿಗೆ ಮಿತಿಯೇ 60. ಎಂಜಿನ್ನೇ ಹಿಡಿದುಕೊಳ್ಳುತ್ತದೆ, ಬ್ರೇಕ್ ಸುಟ್ಟ ವಾಸನೆ ಬರುವುದಿಲ್ಲ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಬಿಸಿಯಾದಾಗ ಪೆಡಲ್ ಮೆತ್ತಗಾಗುವುದು ಅದರಿಂದಲೇ. ಎರಡು ವರ್ಷಕ್ಕೊಮ್ಮೆ ಬದಲಾಯಿಸಿದರೆ ಆ ಭಯವಿಲ್ಲ. ವಾಪಸ್ ಬರುವಾಗ ಸಾತಾರಾಕ್ಕೆ ಮುಂಚೆ ಖಂಬಾಟ್ಕಿ ಘಾಟ್ ಹತ್ತುವಾಗ ಲಾರಿಗಳ ಹಿಂದೆ ತೆವಳಬೇಕಾಗುತ್ತದೆ. ಹೊಸ ಹೋಸ್ ಹಾಕಿದ ಮೇಲೆ ಅಲ್ಲೂ ಎಸಿ ಆರಿಸುವ ಪ್ರಮೇಯ ಬಂದಿಲ್ಲ.

ಬೇಸರದ ಸಂಗತಿಗಳೂ ಇವೆ. ಹೆಡ್‌ಲೈಟಿನ ಪ್ಲಾಸ್ಟಿಕ್ ಹಳದಿಯಾಗಿತ್ತು. ಪಾಲಿಶ್ ಮಾಡಿಸಿದರೂ ಒಂದೆರಡು ಮಳೆಗಾಲಕ್ಕೆ ಮತ್ತೆ ಅದೇ ಮಂಕು. ಹಾಗಾಗಿ ರಾತ್ರಿ ಓಡಿಸುವುದು ಬಿಟ್ಟಿದ್ದೇನೆ, ಬೆಳಗಿನ ಜಾವ ಹೊರಟು ಕೊಲ್ಲಾಪುರದಲ್ಲಿ ತಂಗುತ್ತೇವೆ. ಹಿಂದಿನ ಸೀಟಿನಲ್ಲಿ ಮೂವರು ದೊಡ್ಡವರು ಬೆಳಗಾವಿವರೆಗೆ ಸುಮ್ಮನಿರುತ್ತಾರೆ, ಆಮೇಲೆ ಗೊಣಗಾಟ ಶುರು. ಎಲ್ಲಕ್ಕಿಂತ ದೊಡ್ಡ ಕೊರತೆ, ನನ್ನ ಗಾಡಿಯಲ್ಲಿ ಏರ್‌ಬ್ಯಾಗ್ ಇಲ್ಲ, ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಇಲ್ಲ. ಎಷ್ಟು ಸರ್ವಿಸ್ ಮಾಡಿಸಿದರೂ ಅದು ಬರುವುದಿಲ್ಲ. ತೊಂಬತ್ತಕ್ಕೆ ನಿಲ್ಲುವುದು ಮೈಲೇಜಿಗಿಂತ ಆ ಕಾರಣಕ್ಕೇ. ಚಿಕ್ಕ ಮಕ್ಕಳಿರುವವರು ಇದೇ ಮಾಡೆಲ್ ಸೆಕೆಂಡ್ ಹ್ಯಾಂಡ್ ಕೊಳ್ಳಲಾ ಅಂತ ಕೇಳಿದರೆ ಬೇಡ ಅನ್ನುತ್ತೇನೆ. ಈಗಾಗಲೇ ಇದ್ದು, ಚೆನ್ನಾಗಿ ನೋಡಿಕೊಂಡಿದ್ದರೆ ಮಾರುವ ಆತುರವೂ ಬೇಡ. ಎಕ್ಸ್‌ಚೇಂಜಿನಲ್ಲಿ ಹೇಳುವ ಬೆಲೆಗೆ ಮನಸ್ಸೂ ಬರುವುದಿಲ್ಲ.

ಟೋಲ್ ಲೆಕ್ಕ ಹಾಕುವವರಿಗೆ ಒಂದು ಮಾತು. 2025ರ ಆಗಸ್ಟ್ 15ರಂದು ಬಂದಾಗ 3,000 ರೂಪಾಯಿ ಇದ್ದ ಫಾಸ್ಟ್ಯಾಗ್ ವಾರ್ಷಿಕ ಪಾಸ್ 200 ಸಲ ಟೋಲ್ ದಾಟುವವರೆಗೆ ಅಥವಾ ಒಂದು ವರ್ಷ, ಯಾವುದು ಮೊದಲೋ ಅಲ್ಲಿವರೆಗೆ ನಡೆಯುತ್ತದೆ. ಪುಣೆ–ಮುಂಬೈ ಎಕ್ಸ್‌ಪ್ರೆಸ್‌ವೇ ಮಹಾರಾಷ್ಟ್ರ ಸರ್ಕಾರದ್ದು, ಅಲ್ಲಿ ಈ ಪಾಸ್ ನಡೆಯುವುದಿಲ್ಲ. ಫಾಸ್ಟ್ಯಾಗಿನಲ್ಲಿ ಬೇರೆ ದುಡ್ಡು ಇಟ್ಟುಕೊಂಡೇ ಹೊರಡಿ.