ಒಳಪೆಟ್ಟಿನ ಪರಿಹಾರದ ಅರ್ಜಿ: ತುಮಕೂರಿನ ಒಂದು ವಕೀಲರ ಕಚೇರಿಯ ಸೇವೆ ಕುರಿತು

2022ರ ಮೇ ತಿಂಗಳಲ್ಲಿ ಬೆಂಗಳೂರಿನಿಂದ ತುಮಕೂರಿಗೆ ಮರಳುತ್ತಿದ್ದಾಗ ದಾಬಸ್‌ಪೇಟೆಯ ಬಳಿ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಲಾರಿಯೊಂದು ನಮ್ಮ ಕಾರಿಗೆ ಹಿಂದಿನಿಂದ ಗುದ್ದಿತು. ಕಾರು ನಡೆಸುತ್ತಿದ್ದ ನನಗೆ ಏನೂ ಆಗಲಿಲ್ಲ. ಪಕ್ಕದಲ್ಲಿ ಕುಳಿತಿದ್ದ ನನ್ನ ಪತ್ನಿಗೆ ರಕ್ತ ಬರಲಿಲ್ಲ, ಮೂಳೆಯೂ ಮುರಿಯಲಿಲ್ಲ. ಆದರೆ ಮರುದಿನ ಬೆಳಿಗ್ಗೆ ಕತ್ತು ತಿರುಗಿಸಲು ಆಗದೆ, ನಾಲ್ಕನೆಯ ದಿನಕ್ಕೆ ಸೊಂಟದಿಂದ ಕಾಲಿನವರೆಗೆ ಸೆಳೆತ ಶುರುವಾಯಿತು. ಮನೆಯಲ್ಲಿಯೇ ರವಿಕೆ ಹೊಲಿದು ಸಂಪಾದಿಸುವ ಅವಳಿಗೆ ಯಂತ್ರದ ಮುಂದೆ ಅರ್ಧ ಗಂಟೆ ಕೂರುವುದೂ ಅಸಾಧ್ಯವಾಯಿತು. ಈ ಪ್ರಕರಣವನ್ನು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ನಡೆಸಿಕೊಟ್ಟ ವಕೀಲರ ಕಚೇರಿಯ ಬಗ್ಗೆ ಬರೆಯುತ್ತಿದ್ದೇನೆ. ವಕೀಲರು ತಮ್ಮ ವೃತ್ತಿಗೆ ಜಾಹೀರಾತು ಕೊಟ್ಟುಕೊಳ್ಳುವಂತಿಲ್ಲ ಎಂಬ ನಿಯಮವಿರುವಾಗ ನನ್ನ ಹೊಗಳಿಕೆ ಜಾಹೀರಾತಾಗಬಾರದು, ನನ್ನ ದೂರಿನಿಂದ ಅವರ ಹೊಟ್ಟೆಪಾಡಿಗೆ ತೊಂದರೆಯೂ ಆಗಬಾರದು ಎಂದು ಹೆಸರನ್ನು ಬಿಟ್ಟಿದ್ದೇನೆ.

ಆಸ್ಪತ್ರೆಯ ಪಡಸಾಲೆಯಲ್ಲಿಯೇ ಒಬ್ಬ ವ್ಯಕ್ತಿ ವಕೀಲರನ್ನು ನೇಮಿಸಿಕೊಳ್ಳುವ ವಕಾಲತ್ತಿನ ಖಾಲಿ ಹಾಳೆಗಳನ್ನು ಹಿಡಿದು ನಮ್ಮ ಬಳಿ ಬಂದಿದ್ದ, ಎಂಟು ಲಕ್ಷ ಖಚಿತ ಎಂದೂ ಹೇಳಿದ್ದ. ಸಹಿ ಹಾಕದೆ ಸಹೋದ್ಯೋಗಿಯೊಬ್ಬರು ಸೂಚಿಸಿದ ಈ ಕಚೇರಿಗೆ ಹೋದೆವು. ಹಿರಿಯ ವಕೀಲರು ಮೊದಲ ಭೇಟಿಯಲ್ಲಿ ಮೊತ್ತದ ಮಾತನ್ನೇ ಎತ್ತಲಿಲ್ಲ. ಮೂಳೆ ಮುರಿದಿದ್ದರೆ ಎಕ್ಸ್‌ರೇ ತಾನೇ ಮಾತನಾಡುತ್ತದೆ, ಒಳಪೆಟ್ಟಿಗೆ ಕಾಗದಗಳೇ ಬಾಯಿ ಎಂದರು. ಅಪಘಾತದ ದಿನವೇ ಆಸ್ಪತ್ರೆಯಲ್ಲಿ ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಗಾಯದ ದಾಖಲೆ) ದಾಖಲಾಗಿದೆಯೇ, ಎಫ್‌ಐಆರ್‌ನಲ್ಲಿ ಗಾಯಾಳುವಿನ ಹೆಸರಿದೆಯೇ, ಕತ್ತು ಮತ್ತು ಸೊಂಟ ಎರಡರ ನೋವನ್ನೂ ವೈದ್ಯರು ಮೊದಲ ವಾರದಲ್ಲಿಯೇ ಬರೆದಿದ್ದಾರೆಯೇ ಎಂಬ ಮೂರು ಪ್ರಶ್ನೆಗಳನ್ನು ಕೇಳಿದರು. ಮೂರನೆಯದರಲ್ಲಿ ನಾವು ಸೋಲುವವರಿದ್ದೆವು, ಏಕೆಂದರೆ ಸೊಂಟದ ನೋವು ತಡವಾಗಿ ಕಾಣಿಸಿಕೊಂಡದ್ದರಿಂದ ಮೊದಲ ಚೀಟಿಯಲ್ಲಿ ಅದರ ಉಲ್ಲೇಖವೇ ಇರಲಿಲ್ಲ. ಆ ದಿನವೇ ವೈದ್ಯರ ಬಳಿಗೆ ಮರಳಿ ಹೋಗಿ, ನೋವು ಯಾವ ದಿನದಿಂದ ಆರಂಭವಾಯಿತು ಎಂಬುದನ್ನು ಇದ್ದದ್ದು ಇದ್ದಂತೆ ಹೇಳಿ ಬರೆಸಿಕೊಂಡು ಬರಲು ಕಳುಹಿಸಿದರು. ಒಂದಕ್ಷರ ಹೆಚ್ಚಿಸಿ ಹೇಳಬೇಡಿ, ಪಾಟಿ ಸವಾಲಿನಲ್ಲಿ, ಅಂದರೆ ಎದುರು ವಕೀಲರ ಪ್ರಶ್ನೆಗಳಲ್ಲಿ, ಅದೇ ಮುಳುವಾಗುತ್ತದೆ ಎಂಬ ಅವರ ಎಚ್ಚರಿಕೆ ಮುಂದೆ ಉಪಯೋಗಕ್ಕೂ ಬಂತು.

ಎಕ್ಸ್‌ರೇ ಸ್ವಚ್ಛವಾಗಿತ್ತು. ಎಂಆರ್‌ಐಯಲ್ಲಿ ಕತ್ತಿನ ಸಹಜ ಬಾಗು ನೇರವಾಗಿರುವುದು, ಬೆನ್ನಿನಲ್ಲಿ ಸೊಂಟದ ಭಾಗದ ಎಲ್4–ಎಲ್5 ಮೂಳೆಗಳ ನಡುವಿನ ಡಿಸ್ಕ್ ಉಬ್ಬಿರುವುದು ಕಂಡುಬಂತು. ಗಾಯದ ಪ್ರಮಾಣಪತ್ರದಲ್ಲಿ ಮಾತ್ರ 'ಸಾದಾ ಗಾಯ' ಎಂದು ಬರೆದುಬಿಟ್ಟಿದ್ದರು. ಇದು ಸಣ್ಣ ವಿಷಯವಲ್ಲ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 164ನೆಯ ಕಲಮಿನಡಿ ಯಾರ ತಪ್ಪೆಂದು ರುಜುವಾತುಪಡಿಸದೆಯೇ ಎರಡೂವರೆ ಲಕ್ಷ ರೂಪಾಯಿ ದೊರೆಯುವುದು ತೀವ್ರ ಗಾಯಕ್ಕೆ ಮಾತ್ರ. ಆಗ ಜಾರಿಯಲ್ಲಿದ್ದ ಭಾರತೀಯ ದಂಡ ಸಂಹಿತೆಯ 320ನೆಯ ಕಲಮಿನ ಪ್ರಕಾರ, ಇಪ್ಪತ್ತು ದಿನ ದಿನನಿತ್ಯದ ಕೆಲಸ ಮಾಡಲಾಗದಂತೆ ಮಾಡಿದ ಪೆಟ್ಟೂ ತೀವ್ರ ಗಾಯವೇ. ಈಗಿನ ಭಾರತೀಯ ನ್ಯಾಯ ಸಂಹಿತೆ ಅದನ್ನು ಹದಿನೈದು ದಿನಕ್ಕೆ ಇಳಿಸಿದೆ. ಆದರೆ ಪ್ರಮಾಣಪತ್ರ ಬರೆಯುವವರ ಕಣ್ಣು ಮುರಿದ ಮೂಳೆಯನ್ನೇ ಹುಡುಕುತ್ತದೆ. ನಮ್ಮ ವಕೀಲರು ಈ ದಾರಿಯನ್ನು ಬಿಟ್ಟು, ಲಾರಿ ಚಾಲಕನ ನಿರ್ಲಕ್ಷ್ಯವನ್ನು ಆಧರಿಸಿ 166ನೆಯ ಕಲಮಿನಡಿ ಅರ್ಜಿ ಹಾಕಲು ನಿರ್ಧರಿಸಿದರು. ಹಿಂದಿನಿಂದ ಗುದ್ದಿದ ಪ್ರಕರಣ, ಅರ್ಜಿದಾರಳು ಕೇವಲ ಪ್ರಯಾಣಿಕಳು. ನಿರ್ಲಕ್ಷ್ಯದ ಬಗ್ಗೆ ಹೆಚ್ಚು ವಾದವಾಗಲಿಕ್ಕಿಲ್ಲ ಎಂಬ ಅವರ ಲೆಕ್ಕಾಚಾರ ಸರಿಯಾಗಿತ್ತು. 1994ರಿಂದ ಇಂತಹ ಅರ್ಜಿಗೆ ಕಾಲಮಿತಿಯೇ ಇರಲಿಲ್ಲ. 2022ರ ಏಪ್ರಿಲ್ 1ರಿಂದ ಆರು ತಿಂಗಳ ಮಿತಿ ಮತ್ತೆ ಬಂದಿದೆ, ಅದರ ಸಿಂಧುತ್ವವನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಗಿದೆ. ಹಳೆಯ ಅಭ್ಯಾಸದಲ್ಲಿ ಕಾಲ ಕಳೆಯದೆ ಸೆಪ್ಟೆಂಬರಿನಲ್ಲಿಯೇ, ಅರ್ಜಿದಾರರ ವಾಸಸ್ಥಳದ ಆಧಾರದ ಮೇಲೆ ತುಮಕೂರಿನಲ್ಲಿ ಅರ್ಜಿ ದಾಖಲಿಸಿದ್ದಕ್ಕೆ ಅವರಿಗೆ ಪೂರ್ಣ ಅಂಕ ಕೊಡುತ್ತೇನೆ.

ಅವರ ನಿಜವಾದ ಸಾಮರ್ಥ್ಯ ಕಂಡದ್ದು ವೈದ್ಯರ ಸಾಕ್ಷ್ಯದಲ್ಲಿ. ಚಿಕಿತ್ಸೆಯನ್ನೇ ನೀಡದ ವೈದ್ಯರಿಂದ ಅಂಗವೈಕಲ್ಯದ ಪ್ರಮಾಣಪತ್ರ ಬರೆಸಿಕೊಂಡು, ಅವರನ್ನೇ ಸಾಕ್ಷಿಯಾಗಿ ಕರೆತರುವ ಅಭ್ಯಾಸ ಇಂತಹ ಪ್ರಕರಣಗಳಲ್ಲಿ ಇದೆ. ರಾಜಕುಮಾರ್ ವಿರುದ್ಧ ಅಜಯ್ ಕುಮಾರ್ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇಂತಹ ಸಿದ್ಧ ಪ್ರಮಾಣಪತ್ರಗಳ ಬಗ್ಗೆ ನ್ಯಾಯಮಂಡಳಿಗಳು ಎಚ್ಚರದಿಂದಿರಬೇಕೆಂದು ಹೇಳಿದೆ. ನಮ್ಮ ವಕೀಲರು ಮೊದಲಿನಿಂದ ಚಿಕಿತ್ಸೆ ನೀಡಿದ ಮೂಳೆ ತಜ್ಞರನ್ನೇ ಒಪ್ಪಿಸಿ ಕರೆತಂದರು. ವಿಮಾ ಕಂಪನಿಯ ವಕೀಲರು ಡಿಸ್ಕ್ ಉಬ್ಬುವುದು ವಯಸ್ಸಿನ ಸವೆತವೆಂದೂ, ವರ್ಷಗಟ್ಟಲೆ ಹೊಲಿಗೆ ಯಂತ್ರಕ್ಕೆ ಬಾಗಿದ್ದರ ಫಲವೆಂದೂ ವಾದಿಸಿದರು. ಸವೆತ ಸ್ವಲ್ಪ ಇದ್ದಿರಬಹುದು, ಆದರೆ ಅಪಘಾತಕ್ಕೆ ಮೊದಲು ನೋವಿಗಾಗಿ ಒಂದು ದಿನವೂ ಚಿಕಿತ್ಸೆ ಪಡೆದ ದಾಖಲೆಯಿಲ್ಲ, ಅಪಘಾತದ ಹೊಡೆತದಿಂದ ಅದು ಉಲ್ಬಣಿಸಿದೆ ಎಂದು ವೈದ್ಯರು ಪಾಟಿ ಸವಾಲಿನಲ್ಲಿ ಅಲುಗಾಡದೆ ಉತ್ತರಿಸಿದರು. ಇಡೀ ದೇಹಕ್ಕೆ ಶೇ. 15ರಷ್ಟು ಶಾಶ್ವತ ಅಂಗವೈಕಲ್ಯವಿದೆ ಎಂದು ಅವರು ಹೇಳಿದ್ದನ್ನು ನ್ಯಾಯಮಂಡಳಿ ಹಾಗೆಯೇ ಒಪ್ಪಲಿಲ್ಲ. ದೇಹದ ಊನ ಬೇರೆ, ಅದರಿಂದ ಗಳಿಕೆ ಕುಂದುವ ಪ್ರಮಾಣ ಬೇರೆ ಎಂಬುದು ಅದೇ ರಾಜಕುಮಾರ್ ತೀರ್ಪಿನ ತಿರುಳು. ಗಳಿಕೆಯ ನಷ್ಟವೆಂದು ನಮಗೆ ಶೇ. 5 ದೊರೆಯಿತು. ದರ್ಜಿಯ ಕೆಲಸ ಕೂತು ಬಾಗಿಯೇ ಮಾಡಬೇಕಾದದ್ದು ಎಂಬುದನ್ನು ಒಬ್ಬಿಬ್ಬರು ಗಿರಾಕಿಗಳ ಸಾಕ್ಷ್ಯದಿಂದ ಬಲಪಡಿಸಿದ್ದರೆ ಇನ್ನೂ ಹೆಚ್ಚು ಬರುತ್ತಿತ್ತೆಂದು ನನ್ನ ಅನಿಸಿಕೆ. ಅದನ್ನು ಕಚೇರಿ ಯೋಚಿಸಲೇ ಇಲ್ಲ.

ಲೆಕ್ಕ ಹೀಗಿತ್ತು. ಆದಾಯಕ್ಕೆ ದಾಖಲೆಯಿಲ್ಲದ ಕಾರಣ ತಿಂಗಳಿಗೆ 15,000 ರೂಪಾಯಿ, ಅಂದರೆ ವರ್ಷಕ್ಕೆ 1,80,000 ಎಂದು ಅಂದಾಜಿಸಿ, 38ರ ವಯಸ್ಸಿಗೆ ಸುಪ್ರೀಂ ಕೋರ್ಟಿನ ಸರಳಾ ವರ್ಮಾ ತೀರ್ಪಿನ ಕೋಷ್ಟಕದಂತೆ 15ರ ಗುಣಕ ಹಾಕಿ, ಅದರ ಶೇ. 5 ಎಂದರೆ 1,35,000 ರೂಪಾಯಿ ಮುಂದಿನ ಗಳಿಕೆಯ ನಷ್ಟಕ್ಕೆ ಬಂತು. ಔಷಧದ ಖರ್ಚು, ಮೂರು ತಿಂಗಳ ಆದಾಯ, ನೋವು, ಓಡಾಟ, ಬದುಕಿನ ಸೌಖ್ಯ ಕಳೆದುಕೊಂಡದ್ದು ಎಲ್ಲ ಸೇರಿ ಒಟ್ಟು 3,24,000 ರೂಪಾಯಿ, ಮೇಲೆ ಅರ್ಜಿಯ ದಿನದಿಂದ ಶೇ. 6ರ ಬಡ್ಡಿ. ಇದಕ್ಕೂ ಮೊದಲು ಲೋಕ ಅದಾಲತ್‌ನಲ್ಲಿ ವಿಮಾ ಕಂಪನಿ 1,60,000ಕ್ಕೆ ಇತ್ಯರ್ಥ ಮಾಡಲು ಮುಂದೆ ಬಂದಿತ್ತು. ಅಲ್ಲಿ ಒಪ್ಪಿಕೊಂಡರೆ ಮೇಲ್ಮನವಿಗೆ ಅವಕಾಶವಿಲ್ಲ ಎಂದು ವಿವರಿಸಿದ ಹಿರಿಯರು, ತೀರ್ಮಾನವನ್ನು ಸಂಪೂರ್ಣವಾಗಿ ನಮಗೇ ಬಿಟ್ಟರು. ಬೇರೆ ಕಡೆ ಇಂತಹ ಪ್ರಾಮಾಣಿಕತೆ ಸಿಗುತ್ತಿತ್ತೆಂದು ನನಗೆ ಭರವಸೆಯಿಲ್ಲ.

ದೂರುಗಳೂ ಇವೆ. ವಾಯಿದೆಯ ದಿನಾಂಕವನ್ನು ಒಮ್ಮೆಯೂ ಅವರಾಗಿ ತಿಳಿಸಲಿಲ್ಲ; ಎರಡು ಸಲ ಬೆನ್ನುನೋವಿನವಳನ್ನು ಕರೆದುಕೊಂಡು ಹೋಗಿ, ಬೆಂಚಿನ ಮೇಲೆ ಮಧ್ಯಾಹ್ನದವರೆಗೆ ಕೂರಿಸಿ, ನ್ಯಾಯಾಧೀಶರು ರಜೆಯಲ್ಲಿದ್ದಾರೆಂದು ತಿಳಿದು ಮರಳಿದೆವು. ಫಿಸಿಯೋಥೆರಪಿಯ 22 ರಸೀದಿಗಳನ್ನು ನಾವು ಕೊಟ್ಟಿದ್ದರೂ ಕಿರಿಯ ವಕೀಲರು ಕಡತಕ್ಕೆ ಸೇರಿಸಲು ಮರೆತರು. ಒಳಪೆಟ್ಟಿನ ಪ್ರಕರಣದಲ್ಲಿ ನೋವು ತಿಂಗಳುಗಟ್ಟಲೆ ಉಳಿದಿತ್ತೆಂದು ತೋರಿಸುವ ಅತಿ ಮುಖ್ಯ ಪುರಾವೆ ಅದೇ ಆಗಿತ್ತು.

ಶುಲ್ಕದ ವಿಷಯ ಇನ್ನೂ ಬೇಸರದ್ದು. ಆರಂಭದಲ್ಲಿ ಬಾಯಿಮಾತಿನಲ್ಲಿ ಬಂದ ಹಣದ ಶೇ. 15 ಎಂದಿದ್ದರು, ನಾವೂ ತಲೆಯಾಡಿಸಿದ್ದೆವು. ಪ್ರಕರಣದ ಫಲದ ಮೇಲೆ ಶುಲ್ಕ ನಿಗದಿ ಮಾಡುವುದನ್ನೂ, ಬಂದ ಹಣದಲ್ಲಿ ಪಾಲು ಕೇಳುವುದನ್ನೂ ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ನಿಷೇಧಿಸಿವೆ ಎಂದು ನಮಗೆ ತಿಳಿದದ್ದು ಆದೇಶ ಬಂದ ಮೇಲೆ, 2025ರ ಜನವರಿಯಲ್ಲಿ. ಬಡ್ಡಿ ಸೇರಿ ಮೊತ್ತ 3,69,000 ದಾಟಿತ್ತು, ಅದರ ಶೇ. 15 ಎಂದರೆ 55,000ಕ್ಕೂ ಹೆಚ್ಚು. ಹಿರಿಯರೊಡನೆ ವಿನಯದಿಂದ ಆದರೆ ನೇರವಾಗಿ ಮಾತನಾಡಿದ ಮೇಲೆ 35,000ಕ್ಕೆ ಒಪ್ಪಿ, ರಸೀದಿಯನ್ನೂ ಕೊಟ್ಟರು. ಐದಕ್ಕೆ ಮೂರೂವರೆ ಅಂಕ ಕೊಡುವಾಗ ಕಳೆದ ಒಂದೂವರೆ ಅಂಕದಲ್ಲಿ ಹೆಚ್ಚಿನ ಪಾಲು ಈ ಶುಲ್ಕದ್ದು.

ಹೈಕೋರ್ಟಿಗೆ ಮೇಲ್ಮನವಿ ಸಲ್ಲಿಸಲು 90 ದಿನಗಳಿದ್ದವು. ನಾವು ಹೋಗಲಿಲ್ಲ, ವಿಮಾ ಕಂಪನಿಯೂ ಹೋಗಲಿಲ್ಲ. ಹಣದಲ್ಲಿ ಅರ್ಧ ಪತ್ನಿಯ ಉಳಿತಾಯ ಖಾತೆಗೆ ಬಂದಿದೆ, ಉಳಿದರ್ಧ ನ್ಯಾಯಮಂಡಳಿಯ ಆದೇಶದಂತೆ ಮೂರು ವರ್ಷದ ಠೇವಣಿಯಲ್ಲಿದೆ. ಪುರಾವೆಯೆಂದು ನಿಶಾನೆ ಹಾಕಿದ ಮೂಲ ಎಂಆರ್‌ಐ ಫಿಲ್ಮ್ ಮಾತ್ರ ಇನ್ನೂ ನ್ಯಾಯಾಲಯದ ಕಡತದಲ್ಲಿಯೇ ಉಳಿದಿದೆ. ಹಳೆಯದರೊಡನೆ ಹೋಲಿಸಿ ನೋಡಬೇಕೆಂದು ವೈದ್ಯರು ಕೇಳುತ್ತಿದ್ದಾರೆ. ವಾಪಸು ಪಡೆಯುವ ಅರ್ಜಿಯನ್ನು ಮುಂದಿನ ವಾರ ಹಾಕುತ್ತೇವೆ ಎಂದು ಕಚೇರಿಯ ಗುಮಾಸ್ತರು ನಾಲ್ಕನೆಯ ಬಾರಿ ಹೇಳಿದ್ದಾರೆ.