ನೀರು ಬಿದ್ದ ಪೆನ್‌ಡ್ರೈವ್ 'ಸರ್ವೀಸ್' ಅಂತ ಹೇಳಿ ನನಗೆ ಮೋಸ ಮಾಡಿದರು, ನೀವು ಹುಷಾರು

ಎರಡು ದಿನದಿಂದ ಹೊಟ್ಟೆ ಉರಿಯುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ. ಮಳೆಗಾಲ ಇನ್ನೂ ಮುಗಿದಿಲ್ಲ. ಬೇರೆ ಯಾರಿಗೂ ಹೀಗಾಗೋದು ಬೇಡ.

ನನ್ನದು ಬೆಂಗಳೂರಿನ ಹೊರಮಾವು ಸಾಯಿ ಲೇಔಟ್‌ನಲ್ಲಿ ಬ್ಲೌಸ್ ಹೊಲಿಯುವ ಅಂಗಡಿ, ಗ್ರೌಂಡ್ ಫ್ಲೋರ್. 2025ರ ಮೇ ತಿಂಗಳಲ್ಲಿ ಇಡೀ ಲೇಔಟ್ ಮುಳುಗಿ ಬೋಟ್ ಬಂತಲ್ಲ, ಆ ರಾತ್ರಿ ಅಂಗಡಿಯೊಳಗೆ ಮಂಡಿಯುದ್ದ ನೀರು. ಕಂಪ್ಯೂಟರ್ ಎಂಬ್ರಾಯ್ಡರಿ ಮೆಷಿನ್ ಎತ್ತರದಲ್ಲಿತ್ತು, ಉಳಿಯಿತು. ಡಿಸೈನ್ ಎಲ್ಲ ಇದ್ದ ಪೆನ್‌ಡ್ರೈವ್ ಮಾತ್ರ ಕೆಳಗಿನ ಡ್ರಾಯರ್‌ನಲ್ಲಿತ್ತು. ಎಂಟು ವರ್ಷದ ಡಿಸೈನ್. ಕಾಸು ಕೊಟ್ಟು ತೆಗೆದುಕೊಂಡಿದ್ದು, ನಾನೇ ಕೂತು ಮಾಡಿಸಿದ್ದು, ನವಿಲು, ಕಮಲ, ತೋಳಿನ ಬಾರ್ಡರ್ ಎಲ್ಲಾ. ಇನ್ನೊಂದು ಕಾಪಿ ಇರಲಿಲ್ಲ, ಅದು ನನ್ನ ತಪ್ಪು, ಒಪ್ಪುತ್ತೇನೆ.

ಕಂಪ್ಯೂಟರ್ ಅಂಗಡಿಗಳಿರುವ ಎಸ್.ಪಿ. ರೋಡ್‌ಗೆ ತೆಗೆದುಕೊಂಡು ಹೋದೆ. ಅಂಗಡಿಯವನು ನೋಡಿ, "ಬಿಚ್ಚಿ ಬೋರ್ಡ್‌ಗೆ ಕೆಮಿಕಲ್ ವಾಶ್ ಮಾಡ್ತೀವಿ ಮೇಡಂ, 1,800 ಆಗುತ್ತೆ, ಮೂರು ದಿನ" ಅಂದ. ಹೊಸ ಪೆನ್‌ಡ್ರೈವ್ ನಾನೂರು ರೂಪಾಯಿಗೆ ಸಿಗುತ್ತೆ, ಗೊತ್ತು. ನನಗೆ ಬೇಕಿದ್ದದ್ದು ಒಳಗಿದ್ದ ಡಿಸೈನ್. ಕೊಟ್ಟು ಬಂದೆ.

ಮೂರು ದಿನ ಬಿಟ್ಟು ಹೋದರೆ ಅವರ ಕಂಪ್ಯೂಟರ್‌ಗೆ ಹಾಕಿ ತೋರಿಸಿದರು. ಎಲ್ಲ ಫೈಲ್ ಇತ್ತು. ಅಲ್ಲೇ ಕಣ್ಣಲ್ಲಿ ನೀರು ಬಂತು ನನಗೆ. ಬೇರೆ ಪೆನ್‌ಡ್ರೈವ್‌ಗೆ ಕಾಪಿ ಮಾಡಿಕೊಡಿ ಅಂತ ನಾನೇ ಕೇಳಿದೆ. ಅದಕ್ಕೆ ಅವನು, "ಯಾಕೆ ಮೇಡಂ ಸುಮ್ನೆ ಖರ್ಚು, ಹೊಸದರ ಥರ ಆಗಿದೆ, ಇನ್ನು ಐದು ವರ್ಷ ಏನೂ ಆಗಲ್ಲ" ಅಂದ. ನಂಬಿದೆ. ನಂಬಿ ಹಾಗೇ ತಂದು ಮೆಷಿನ್‌ಗೆ ಹಾಕಿದೆ.

ಹತ್ತೊಂಬತ್ತು ದಿನ ನಡೆಯಿತು. ಮದುವೆ ಹುಡುಗಿಯ ಬ್ಲೌಸ್, ಬಲತೋಳು ಅರ್ಧ ಆಗಿದೆ, ಮುಂದಿನ ಡಿಸೈನ್ ತೆಗೆಯೋಣ ಅಂತ ಒತ್ತಿದರೆ ಸ್ಕ್ರೀನ್ ನಿಂತೇ ಹೋಯಿತು. ಪೆನ್‌ಡ್ರೈವ್ ಮುಟ್ಟಿದರೆ ಕೈ ಸುಡುವಷ್ಟು ಬಿಸಿ. ಅವತ್ತಿನಿಂದ ಮೆಷಿನ್‌ನ ಯುಎಸ್‌ಬಿ ಪೋರ್ಟ್ ಕೂಡ ಸತ್ತಿದೆ. ಬೋರ್ಡ್ ರಿಪೇರಿಗೆ 14,000 ಹೇಳಿದ್ದಾರೆ.

ನನ್ನ ಮೈದುನ ಮೊಬೈಲ್ ರಿಪೇರಿ ಕೆಲಸ ಮಾಡುತ್ತಾನೆ. ಅವನು ಬ್ಲೇಡ್ ಹಾಕಿ ಪೆನ್‌ಡ್ರೈವ್ ಬಿಚ್ಚಿದ. ಅಂಟಿದ ಜೋಡಣೆ ಹಾಗೇ ಇತ್ತು, ಬಿಡಿಸೋಕೆ ಒದ್ದಾಡಬೇಕಾಯಿತು. ಒಳಗೆ ನೋಡಿದರೆ ಚಿಪ್ ಮೇಲೆ ಕೆರೆ ಒಣಗಿದ ಹಾಗೆ ಬಿರುಕು ಬಿಟ್ಟ ತೆಳು ಮಣ್ಣು, ಪಿನ್ ಬುಡದಲ್ಲಿ ಹಸಿರು ಕಿಲುಬು. ಆ ಮಣ್ಣಲ್ಲಿ ಒಂದು ಕೆಂಪು ದಾರದ ಎಳೆ ಅಂಟಿಕೊಂಡಿತ್ತು. ನಮ್ಮ ಅಂಗಡಿಯದೇ ದಾರ. ಅಂದರೆ ಅವರು ಬಿಚ್ಚಿಯೇ ಇಲ್ಲ! ಕೆಮಿಕಲ್ ವಾಶ್ ಅಂತೆ. ಮೇಲೆ ಒರೆಸಿ, ಒಣಗಲಿ ಅಂತ ಮೂರು ದಿನ ಇಟ್ಟು 1,800 ತೆಗೆದುಕೊಂಡಿದ್ದಾರೆ. ಆ ದಾರ ನೋಡಿದಾಗ ನನಗೆ ಆದ ಅವಮಾನ ಹೇಳೋಕಾಗಲ್ಲ.

ಮೈದುನ ಹೇಳಿದ್ದು ಇಷ್ಟು. ನೀರು ಬಿದ್ದ ಕೂಡಲೇ ಚಿಪ್‌ನಲ್ಲಿರೋದು ಅಳಿಸಿ ಹೋಗಲ್ಲ. ಒದ್ದೆ ಇರುವಾಗ ಹಾಕಿದರೆ 5 ವೋಲ್ಟ್ ಕರೆಂಟ್ ಹೋಗಬಾರದ ಕಡೆ ಹೋಗಿ ಶಾರ್ಟ್ ಆಗುತ್ತದೆ. ಒಣಗಿದ ಮೇಲೂ ಕೊಳಚೆ ನೀರಿನ ಉಪ್ಪು, ಮಣ್ಣು ಬೋರ್ಡ್ ಮೇಲೇ ಉಳಿದರೆ ತೇವಕ್ಕೆ ತಾಮ್ರವನ್ನು ನಿಧಾನವಾಗಿ ತಿನ್ನುತ್ತದೆ. ಅದಕ್ಕೇ ನಂದು ಹತ್ತೊಂಬತ್ತು ದಿನ ಚೆನ್ನಾಗಿಯೇ ಇತ್ತು.

ವಾಪಸ್ ಅಂಗಡಿಗೆ ಹೋದೆ. "ನಾವು ಕೊಟ್ಟಾಗ ವರ್ಕ್ ಆಗ್ತಿತ್ತು ಅಲ್ವಾ ಮೇಡಂ?" ಅಂದ. ಮಣ್ಣು ತೋರಿಸಿದೆ, ದಾರ ತೋರಿಸಿದೆ. "ನೀವೇ ಬಿಚ್ಚಿದ್ದೀರಿ, ಬಿಚ್ಚಿದ ಮೇಲೆ ನಮ್ಮ ಜವಾಬ್ದಾರಿ ಇಲ್ಲ." ಹೊಸದರ ಥರ ಅಂದಿರಲ್ಲ ಅಂತ ಕೇಳಿದರೆ, "ನೀರು ಬಿದ್ದ ಮಾಲಿಗೆ ಯಾರು ಗ್ಯಾರಂಟಿ ಕೊಡ್ತಾರೆ?" ಈ ಮಾತು ಅವತ್ತು ದುಡ್ಡು ಎಣಿಸಿಕೊಳ್ಳುವಾಗ ಯಾಕೆ ಬರಲಿಲ್ಲ? ಆಮೇಲೆ ಮುಖ ನೋಡದೇ, "ಡೇಟಾ ಬೇಕಂದ್ರೆ ಚಿಪ್ ತೆಗೆದು ರಿಕವರಿ ಮಾಡ್ತೀವಿ, 12,000, ಅರ್ಧ ಅಡ್ವಾನ್ಸ್" ಅಂದ. ಅಷ್ಟು ಜನ ಗಿರಾಕಿಗಳ ಮುಂದೆ. ಗಂಟಲು ಕಟ್ಟಿತು, ಎದ್ದು ಬಂದೆ.

ನಿಮ್ಮದಕ್ಕೆ ನೀರು ಬಿದ್ದರೆ ದಯವಿಟ್ಟು ತಕ್ಷಣ ಎಲ್ಲೂ ಹಾಕಿ ನೋಡಬೇಡಿ. ಗೊತ್ತಿದ್ದವರಿಂದ ಬಿಚ್ಚಿಸಿ, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್‌ನಲ್ಲಿ ಕೊಳೆ ತೊಳೆಸಿ, ಮೊಬೈಲ್ ರಿಪೇರಿಯವರು ಇಟ್ಟುಕೊಳ್ಳುವ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಹಾಕಿ ಒರೆಸಿ, ಮೂರ್ನಾಲ್ಕು ದಿನ ಗಾಳಿಗೆ ಒಣಗಿಸಿ. ಅಕ್ಕಿ ಡಬ್ಬಿಯಲ್ಲಿಟ್ಟರೆ ಮಣ್ಣು ಹೋಗಲ್ಲ. ತೊಳೆಯೋದನ್ನು ಕಣ್ಣೆದುರೇ ಮಾಡಿಸಿ. ಓಪನ್ ಆಯಿತಾ, ಮೊದಲು ಕಾಪಿ, ಆಮೇಲೆ ಅದನ್ನು ಬಿಸಾಕಿ. ಅವರು ಎಷ್ಟೇ ಚೆನ್ನಾಗಿದೆ ಅಂದರೂ ಬಿಸಾಕಿ. ಹಾರ್ಡ್ ಡಿಸ್ಕ್ ಆದರೆ ಮನೆಯಲ್ಲಿ ಬಿಚ್ಚಲೇಬೇಡಿ, ಕರೆಂಟೂ ಕೊಡಬೇಡಿ.

ಬಿಲ್ ಕೇಳಿದ್ದಕ್ಕೆ ಅವತ್ತು ಬಿಳಿ ಚೀಟಿಯಲ್ಲಿ '1,800 ವಾಶ್' ಅಂತ ಗೀಚಿ ಕೊಟ್ಟಿದ್ದರು. ಅದನ್ನು ಎಸೆದಿಲ್ಲ. ನಿನ್ನೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಟ್ಟಿದ್ದೇನೆ. ಆ ಹುಡುಗಿಯ ಎಡತೋಳನ್ನು ಈಗ ಕೈಯಲ್ಲೇ ಹಾಕುತ್ತಿದ್ದೇನೆ, ಮದುವೆಗೆ ಇನ್ನು ಆರು ದಿನ ಇದೆ.