ಅಮೆರಿಕದ ಹಳೆಯ ಭಾನುವಾರದ ಕಾಮಿಕ್ಸ್: ಬೈಂಡೋ, ಪುರವಣಿಯೋ, ಬಿಡಿ ಹಾಳೆಯೋ?

1895ರಿಂದ 1940ರವರೆಗೆ ಅಮೆರಿಕದ ಪತ್ರಿಕೆಗಳಲ್ಲಿ ಬಂದ ಬಣ್ಣದ ಕಾಮಿಕ್ಸ್ ಪುಟಗಳು ಈಗ ಮೂರು ರೂಪದಲ್ಲಿ ಕೈಗೆ ಸಿಗುತ್ತವೆ. ಗ್ರಂಥಾಲಯಗಳು ಮೈಕ್ರೋಫಿಲ್ಮ್ ಮಾಡಿಸಿಕೊಂಡು ಹೊರಹಾಕಿದ ಬೈಂಡ್ ಸಂಪುಟ ಒಂದು, ಇಡೀ ಭಾನುವಾರದ ಪುರವಣಿ ಇನ್ನೊಂದು, ಯಾರೋ ಕತ್ತರಿಸಿಟ್ಟ ಬಿಡಿ ಹಾಳೆ ಮತ್ತೊಂದು. ಮೂರನ್ನೂ ಕೊಂಡು, ಬಿಚ್ಚಿ, ಮಾರಿ ನೋಡಿದ ಮೇಲೆ ನಮ್ಮ ಓಟು ಪುರವಣಿಗೆ. ಬೈಂಡಿನಲ್ಲಿ ಲಾಭ ಜಾಸ್ತಿ, ಆದರೆ ಅದು ಪೂರ್ತಿ ಕೈಕೆಲಸದ ಲಾಭ. ಬಿಡಿ ಹಾಳೆಯನ್ನು ಅಗ್ಗವೆಂದು ಕೊಂಡವರೇ ಹೆಚ್ಚಾಗಿ ಮೋಸಹೋಗುವುದು.

ಬೈಂಡಿನ ದೊಡ್ಡ ಗುಣ ಬಣ್ಣ. ದಶಕಗಟ್ಟಲೆ ಬೆಳಕು ತಾಗದೆ ಮುಚ್ಚಿಕೊಂಡಿದ್ದರಿಂದ ಅಂಚು ಕಂದಾಗಿದ್ದರೂ ಒಳಗಿನ ಕೆಂಪು, ಹಳದಿ ನಿನ್ನೆ ಅಚ್ಚಾದಂತಿರುತ್ತವೆ. ಕಾಮಿಕ್ಸ್ ಸಂಗ್ರಾಹಕ ಬಿಲ್ ಬ್ಲ್ಯಾಕ್‌ಬಿಯರ್ಡ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕೂಡಿಹಾಕಿದ್ದ ಸಂಗ್ರಹದಲ್ಲಿ ಇಂಥ ಬೈಂಡುಗಳ ರಾಶಿಯೇ ಇತ್ತು. ಅದೆಲ್ಲ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೋದಾಗ ಸುಮಾರು 75 ಟನ್ ತೂಗಿತ್ತು. ಇನ್ನು ದೋಷ: ಬೈಂಡ್ ಮಾಡುವಾಗ ಮೂರು ಬದಿಯನ್ನೂ ಕತ್ತರಿಸಿ ಸಮಮಾಡಿರುತ್ತಾರೆ. ಕೆಲವೊಮ್ಮೆ ಚಿತ್ರದ ಚೌಕಟ್ಟಿನ ಗೆರೆಯೂ ಹೋಗಿರುತ್ತದೆ. ಹೊಲಿಗೆ ಬೆನ್ನಿಗೆ ಹತ್ತಿರ ಪಕ್ಕದಿಂದ ಚುಚ್ಚಿದ್ದಾದರೆ ಪ್ರತಿ ಹಾಳೆಗೂ ಸಾಲಾಗಿ ತೂತು.

ಬಿಚ್ಚುವಾಗ ಹಾಳುಮಾಡುವುದು ಅವಸರ. ಬ್ಲೇಡು ಹಿಡಿದು ಬೆನ್ನಿನುದ್ದಕ್ಕೂ ಸೀಳಿದರೆ ಐದು ನಿಮಿಷದ ಕೆಲಸ, ಆದರೆ ನಾಲ್ಕು ಪುಟದ ಒಂದೇ ಹಾಳೆ ಎರಡು ತುಂಡಾಗುತ್ತದೆ. ಎಂಟು ಪುಟದ ಪುರವಣಿಯೆಂದರೆ ಇಂಥ ಎರಡು ಹಾಳೆ ಒಂದರೊಳಗೊಂದು. ಆದ್ದರಿಂದ ಮೊದಲು ರಟ್ಟಿನ ಸಂದಿ ಕೊಯ್ದು ಹೊದಿಕೆ ತೆಗೆಯಿರಿ, ಬೆನ್ನಿಗೆ ಅಂಟಿಸಿದ ಬಟ್ಟೆ ಸುಲಿಯಿರಿ, ದಾರವನ್ನು ಹಿಂದಿನಿಂದ ಒಂದೊಂದೇ ಕತ್ತರಿಸಿ, ನಾಲ್ಕೈದು ಹಾಳೆಗಳ ಕಟ್ಟನ್ನು ಕೆಳಗೆ ಗಟ್ಟಿ ಕಾಗದ ತೂರಿಸಿ ಎತ್ತಿ. ಬೆರಳಲ್ಲಿ ಮೂಲೆ ಹಿಡಿದು ಎತ್ತಿದರೆ ಮೂಲೆ ಕೈಯಲ್ಲೇ ಉಳಿಯುತ್ತದೆ. ಮರದ ತಿರುಳಿನ ಕಾಗದದಲ್ಲಿ ಲಿಗ್ನಿನ್ (ಮರದ ನಾರನ್ನು ಹಿಡಿದಿಡುವ ವಸ್ತು) ಮತ್ತು ಆಮ್ಲ ಎರಡೂ ಇರುವುದರಿಂದ ಒಣಹವೆಯಲ್ಲಿ ಅದು ಹಪ್ಪಳದ ಹಾಗೆ ಮುರಿಯುತ್ತದೆ. ಗಾಳಿಯ ತೇವ ಶೇ. 50ರ ಆಸುಪಾಸು ಇರುವ ದಿನವೇ ಈ ಕೆಲಸಕ್ಕೆ ಸರಿ.

ಪುರವಣಿಯಲ್ಲಿ ಈ ರಗಳೆ ಇಲ್ಲ. ಪತ್ರಿಕೆಯ ಹೆಸರು, ತಾರೀಖು, ಪುಟಸಂಖ್ಯೆ ಎಲ್ಲ ಇದ್ದಲ್ಲೇ ಇರುವುದರಿಂದ ಗಿರಾಕಿ ಹೆಚ್ಚು ಪ್ರಶ್ನೆ ಕೇಳುವುದಿಲ್ಲ. ನೋಡಬೇಕಾದ್ದು ನಡುವಿನ ಅಡ್ಡ ಮಡಿಕೆ. ಅಲ್ಲಿ ಶಾಯಿ ಉದುರಿ ಚಿತ್ರದ ಚೌಕದ ಮಧ್ಯೆ ಬಿಳಿ ಗೆರೆ ಬಿದ್ದಿರುತ್ತದೆ. ಒಳಹಾಳೆ ಕಾಣೆಯಾಗಿದೆಯೇ ಎಂದು ಪುಟ ಎಣಿಸಿಯೇ ದುಡ್ಡು ಕೊಡಿ.

ಬಿಡಿ ಹಾಳೆಯ ತೊಂದರೆಗಳು ಒಂದೆರಡಲ್ಲ. ಒಂದೇ ಭಾನುವಾರದ ಒಂದೇ ಕಾಮಿಕ್ಸ್ ಬೇರೆ ಬೇರೆ ಊರಿನ ಪತ್ರಿಕೆಗಳಲ್ಲಿ ಪೂರ್ಣಪುಟ, ಅರ್ಧಪುಟ, ಟ್ಯಾಬ್ಲಾಯ್ಡ್ ಎಂದು ಬೇರೆ ಬೇರೆ ಅಳತೆಯಲ್ಲಿ ಬರುತ್ತಿತ್ತು. ಪೂರ್ಣಪುಟ ಸುಮಾರು 16 × 22 ಇಂಚು. ಅಳತೆ ಬರೆಯದ ಮಾರಾಟಗಾರನ ಹತ್ತಿರ ಕೊಳ್ಳಬೇಡಿ. 1934ರ ಜನವರಿ 7ರಂದು ಶುರುವಾದ ಫ್ಲ್ಯಾಶ್ ಗಾರ್ಡನ್ ಪುಟದ ಮೇಲ್ಭಾಗದಲ್ಲಿ ಜಂಗಲ್ ಜಿಮ್ ಎಂಬ ಇನ್ನೊಂದು ಕಾಮಿಕ್ಸ್ ಇರಬೇಕು. ಅದನ್ನು ಕತ್ತರಿಸಿ ತೆಗೆದಿದ್ದರೆ ಅದು ಪೂರ್ಣಪುಟವಲ್ಲ. ಕತ್ತರಿ ತಾಗಿದರೆ ತಾರೀಖೂ ಹೋಗುತ್ತದೆ. 1930ರ ದಶಕದ ಪುಟಗಳಲ್ಲಾದರೆ ಯಾವುದಾದರೂ ಚೌಕದ ಮೂಲೆಯಲ್ಲಿ ತಿಂಗಳು–ದಿನದ ಸಣ್ಣ ಅಂಕಿ, ಹಕ್ಕುಸ್ವಾಮ್ಯದ ಸಾಲಿನಲ್ಲಿ ವರ್ಷ ಸಿಗಬಹುದು. ಅದಕ್ಕಿಂತ ಹಿಂದಿನದಕ್ಕೆ ಆ ನಂಬಿಕೆ ಬೇಡ.

ಹಳದಿ ಅಂಗಿಯ ಹುಡುಗ ಯೆಲ್ಲೋ ಕಿಡ್ ವಿಷಯದಲ್ಲಂತೂ ಸಹಿ ಓದದೆ ಮುಂದೆ ಹೋಗಬೇಡಿ. 1896ರ ಅಕ್ಟೋಬರಿನಲ್ಲಿ ಅವನನ್ನು ಸೃಷ್ಟಿಸಿದ ಚಿತ್ರಕಾರ ಔಟ್‌ಕಾಲ್ಟ್ ಪುಲಿಟ್ಜರ್‌ನ ವರ್ಲ್ಡ್ ಪತ್ರಿಕೆ ಬಿಟ್ಟು ಹರ್ಸ್ಟ್‌ನ ಜರ್ನಲ್‌ಗೆ ಹೋದ. ವರ್ಲ್ಡ್‌ನಲ್ಲಿ ಜಾರ್ಜ್ ಲಕ್ಸ್ ಎಂಬ ಇನ್ನೊಬ್ಬ ಚಿತ್ರಕಾರ ಅದೇ ಹುಡುಗನನ್ನು ಬರೆಯುತ್ತಾ ಹೋದ. ಹುಡುಗ ಒಬ್ಬನೇ, ಬೆಲೆ ಎರಡು. ಮರುಮುದ್ರಣ ಹಿಡಿಯಲು ಹತ್ತು ಪಟ್ಟಿನ ಭೂತಗನ್ನಡಿ ಸಾಕು: ಮೂಲದಲ್ಲಿ ಕಪ್ಪು ಗೆರೆ ಗಟ್ಟಿಯಾಗಿರುತ್ತದೆ, ಫೋಟೋ ತೆಗೆದು ಅಚ್ಚುಹಾಕಿದ್ದರಲ್ಲಿ ಗೆರೆಯೇ ಚುಕ್ಕಿಚುಕ್ಕಿಯಾಗಿ ಒಡೆದಿರುತ್ತದೆ. ಹಿಂಬದಿ ಖಾಲಿಯಿದ್ದರೆ ಅಲ್ಲಿಗೇ ಅನುಮಾನ ಶುರುವಾಗಲಿ.

ಇಡುವ ಕವರಿನಲ್ಲಿ ಹೋಲಿಕೆ ಸುಲಭ. ಹೊಸ ರೇನ್‌ಕೋಟಿನ ವಾಸನೆ ಬರುವ ಪಿವಿಸಿ ಬೇಡವೇ ಬೇಡ, ಲ್ಯಾಮಿನೇಷನ್ ಅದಕ್ಕಿಂತ ಕೇಡು. ಪಾಲಿಪ್ರೊಪಿಲೀನ್ ಅಗ್ಗ, ಆದರೆ ದೊಡ್ಡ ಅಳತೆಯಲ್ಲಿ ಬಳುಕುತ್ತದೆ. ಮಾರುವವರೆಗೆ ಇಡಲು ಅದೇ ಸಾಕು. ನಮ್ಮಲ್ಲೇ ಉಳಿಯುವ ಪುಟಕ್ಕೆ ಮಾತ್ರ 4 ಮಿಲ್ (ಸುಮಾರು 0.1 ಮಿ.ಮೀ.) ದಪ್ಪದ ಪಾಲಿಯೆಸ್ಟರ್, ಹಿಂದೆ ಕ್ಯಾಲ್ಸಿಯಂ ಕಾರ್ಬೊನೇಟ್ ಇರುವ ಆಮ್ಲರಹಿತ ರಟ್ಟು. ನಾಲ್ಕೂ ಅಂಚು ಮುಚ್ಚಿಬಿಟ್ಟರೆ ಕಾಗದ ಬಿಡುವ ಆಮ್ಲ ಒಳಗೇ ಉಳಿದು ಕಾಗದ ಬೇಗ ಸಾಯುತ್ತದೆ, ಎರಡು ಬದಿಯಾದರೂ ತೆರೆದಿರಲಿ. ಹಾಳೆ ತರಿಸಿ ಮಂಗಳೂರು, ಉಡುಪಿ ಕಡೆ ಇಟ್ಟುಕೊಳ್ಳುವವರಿಗೆ ಮಳೆಗಾಲದ ಬೂಷ್ಟೇ ದೊಡ್ಡ ಶತ್ರು. ಹೊರಗೋಡೆಗೆ ತಾಗಿದ ಬೀರು ಬಿಡಿ, ನೆಲದಿಂದ ಎತ್ತರದಲ್ಲಿ ಮಲಗಿಸಿಡಿ. ನುಸಿಗುಳಿಗೆ ಹಾಕಬೇಡಿ.

ಹರಿದಲ್ಲಿ ಸೆಲೋಟೇಪ್ ಹಚ್ಚಿದ ಪುಟಕ್ಕೆ ಅರ್ಧ ಬೆಲೆಯೂ ಹೆಚ್ಚೇ. ಅಂಟು ಕಾಗದದೊಳಕ್ಕೆ ಇಳಿದು ಕಂದು ಪಟ್ಟಿಯಾಗಿ ಕೂರುತ್ತದೆ. ಹರಿದದ್ದನ್ನು ಜೋಡಿಸಲು ತೆಳು ಜಪಾನಿ ಕಾಗದ, ಗೋಧಿ ಪಿಷ್ಟದ ಗಟ್ಟಿ ಅಂಟು ಸಾಕು. ಅಂಟು ನೀರಾದರೆ ಸುತ್ತ ಕಂದು ಉಂಗುರ ಏಳುತ್ತದೆ.

ಮಾರುವಾಗ ಹೆಸರಾಂತ ಪುಟಗಳನ್ನು (1905ರ ಅಕ್ಟೋಬರ್ 15ರಿಂದ ನ್ಯೂಯಾರ್ಕ್ ಹೆರಾಲ್ಡ್‌ನಲ್ಲಿ ಬಂದ ಲಿಟಲ್ ನೀಮೋ, 1916ರಿಂದಿನ ಕ್ರೇಜಿ ಕ್ಯಾಟ್ ಭಾನುವಾರದ ಪುಟ) ಒಂದೊಂದಾಗಿ ಹರಾಜಿಗಿಡಿ. ಉಳಿದದ್ದನ್ನು ವರ್ಷದ ಲೆಕ್ಕದಲ್ಲಿ ಗಂಟುಕಟ್ಟಿದರೆ ಬೇಗ ಹೋಗುತ್ತದೆ, ಅಂಚೆ ಖರ್ಚೂ ಉಳಿಯುತ್ತದೆ. ಎ3 ಸ್ಕ್ಯಾನರಿನಲ್ಲಿ ಪೂರ್ಣಪುಟ ಹಿಡಿಯುವುದಿಲ್ಲ, ನೇರ ಮೇಲಿನಿಂದ ಎರಡೂ ಬದಿಯ ಫೋಟೋ ತೆಗೆಯಿರಿ. ಕಳಿಸುವಾಗ ಕೊಳವೆಯೊಳಗೆ ಸುತ್ತಿದರೆ ಬಿಚ್ಚಿದವರ ಕೈಗೆ ಬರುವುದು ಚೂರು. ಮೊದಲೇ ಇದ್ದ ಮಡಿಕೆಯಲ್ಲಷ್ಟೇ ಮಡಚಿ, ಕವರಿಗೆ ಹಾಕಿ, ಎರಡು ಸುಕ್ಕುರಟ್ಟುಗಳ ಗೆರೆ ಒಂದಕ್ಕೊಂದು ಅಡ್ಡ ಬರುವಂತೆ ನಡುವೆ ಇಟ್ಟು, ರಟ್ಟಿಗೆ ಮಾತ್ರ ಟೇಪು ಹಚ್ಚಿ.